ಚಿಕ್ಕಮ್ಮನ ಪಾಲಿಗೆ ಬಂದ ಗುಟ್ಟು

ಡ್ರೈಕ್ಲೀನಿಂಗ್ ಅಂಗಡಿಯವಳಿಗೆ ತಂಗಿಯ ಮೇಲಿನ ಹೊಟ್ಟೆಕಿಚ್ಚು ಇವತ್ತು ನಿನ್ನೆಯದಲ್ಲ. ತಂಗಿಗೆ ಗುಂಗುರು ಕೂದಲು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ತಣ್ಣನೆಯ ಕೆಲಸ. ಇವಳಿಗೆ ಕಂಡವರ ಅಂಗಿಗಳ ಕೊರಳಪಟ್ಟಿಯ ಕೊಳೆ. ಅದನ್ನೆಲ್ಲ ಹೇಗೋ ನುಂಗಿಕೊಂಡಿದ್ದಳು. ಆದರೆ ಹದಿನಾರರ ಮಗಳು ಹತ್ತು ದಿನದಿಂದ ಶಾಲೆ ಬಿಟ್ಟೊಡನೆ ಚಿಕ್ಕಮ್ಮನ ಮನೆಗೆ ಓಡುತ್ತಿದ್ದುದು ಮಾತ್ರ ಗಂಟಲಲ್ಲೇ ನಿಂತಿತ್ತು.

"ಅಲ್ಲೇನು ಜೇನು ಸುರೀತಾ?"

"ಗಣಿತ ಹೇಳ್ಕೊಡ್ತಾಳಮ್ಮ."

"ಅವಳಾ? ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದ ಮಹಾತಾಯಿ!"

ಮಗಳು ನಗಲಿಲ್ಲ. ಇದಕ್ಕೆ ಯಾವಾಗಲೂ ನಗುತ್ತಿದ್ದವಳು.

ಶನಿವಾರ ಮಧ್ಯಾಹ್ನ ಅಂಗಡಿಯ ಶಟರ್ ಎಳೆದು ತಂಗಿಯ ಮನೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಇಬ್ಬರೂ ಒಂದು ಫೋನಿನ ಮೇಲೆ ತಲೆಗೆ ತಲೆ ಕೊಟ್ಟು ಕೂತಿದ್ದರು. ಮಗಳ ಬೆನ್ನ ಮೇಲೆ ಚಿಕ್ಕಮ್ಮನ ಕೈ. ಆ ಕೈ ಅಲ್ಲಿ ಎಷ್ಟು ಸಲೀಸಾಗಿ ಕೂತಿತ್ತೆಂದರೆ, ಬಾಡಿಗೆ ಕೊಡದೆ ಮನೆ ಹಿಡಿದವರ ಹಾಗೆ.

ಅಮ್ಮನನ್ನು ಕಂಡದ್ದೇ ಮಗಳು ಅಳುತ್ತಾ ವಿಷಯ ಹೇಳಿದಳು. ಆನ್‌ಲೈನ್ ಆಟದಲ್ಲಿ ಸಿಕ್ಕ ಹುಡುಗ. ಒಳ್ಳೆಯವನು, ತನ್ನದೇ ವಯಸ್ಸು ಅಂದಿದ್ದ. ಕೇಳಿದನೆಂದು, ಯಾರಿಗೂ ಕಳಿಸಬಾರದಂಥ ಒಂದು ಫೋಟೊ ಕಳಿಸಿದ್ದಳು. ಮರುದಿನವೇ ಹುಡುಗ ಹುಡುಗನಾಗಿ ಉಳಿಯಲಿಲ್ಲ. ಇನ್ನಷ್ಟು ಕಳಿಸು, ಇಲ್ಲದಿದ್ದರೆ ಇದು ಇಡೀ ಕ್ಲಾಸಿಗೆ ಹೋಗುತ್ತೆ.

ತಾಯಿ ಕೇಳಿದ ಮೊದಲ ಪ್ರಶ್ನೆ ಆ ನೀಚನ ಬಗ್ಗೆಯಲ್ಲ.

"ನನಗ್ಯಾಕೆ ಹೇಳ್ಲಿಲ್ಲ?"

"ಅಕ್ಕ, ಮೊದಲು ಕೂತ್ಕೋ," ಅಂದಳು ತಂಗಿ.

"ನೀನು ಸುಮ್ನಿರಮ್ಮ. ಹೆತ್ತಿದ್ದು ನಾನು."

"ಅದನ್ನ ಯಾರೂ ಕಸ್ಕೊಂಡಿಲ್ಲ. ಇವಳು ನನಗೂ ಹೇಳಿದ್ದು ನಿನ್ನೆ. ಅಲ್ಲಿವರೆಗೂ ಬರೀ ಗಣಿತ. ನೀರು ತರ್ತೀನಿ, ಇರು."

ಕಲೆ ಒಣಗುವ ಮೊದಲೇ ತೆಗೆಯಬೇಕು ಅನ್ನುವುದು ಅಂಗಡಿಯವಳ ಇಪ್ಪತ್ತು ವರ್ಷದ ವಿದ್ಯೆ. ತಂಗಿ ಒಳಗೆ ಹೋದದ್ದೇ ತಡ, ಫೋನ್ ಕಿತ್ತುಕೊಂಡು, ಅವನ ಮಾತುಕತೆಯನ್ನೆಲ್ಲ ಬುಡಸಮೇತ ಅಳಿಸಿದಳು.

"ಹೋಯ್ತು ನೋಡು! ನಿನ್ನ ಚಿಕ್ಕಮ್ಮನ ಕೈಲಿ ಆಗದ್ದು, ಎರಡು ನಿಮಿಷ!"

ಲೋಟ ಹಿಡಿದು ಬಂದ ತಂಗಿ ಅಲ್ಲೇ ನಿಂತಳು. "ಅಕ್ಕ, ಅದೇ ಸಾಕ್ಷಿ ಕಣೆ. ಅವನ ಅಕೌಂಟು, ಬೆದರಿಕೆ, ಎಲ್ಲ. ಅದನ್ನ ಉಳಿಸ್ಕೊಂಡು, ನಿನ್ನನ್ನ ಕರ್ಕೊಂಡು ಪೊಲೀಸ್ ಹತ್ರ ಹೋಗೋಣ ಅಂತ ಇವಳನ್ನ ಈಗಷ್ಟೇ ಒಪ್ಸಿದ್ದೆ."

ಮಗಳು ಗೋಡೆ ನೋಡುತ್ತಾ ಅಂದಳು: "ನಿನಗೆ ಹೇಳಿದ್ರೆ ತಕ್ಷಣ ಏನಾದ್ರೂ ಮಾಡ್ತೀಯ ಅಂತ ಗೊತ್ತಿತ್ತಮ್ಮ. ಅದಕ್ಕೇ."

ಕಿತ್ತುಕೊಂಡ ಫೋನನ್ನು ತಾಯಿ ತಾನಾಗಿಯೇ ಮಗಳ ಕೈಗಿಟ್ಟಳು. ಇದು ಅಪರೂಪ.

ಪುಣ್ಯಕ್ಕೆ ದುರುಳರಿಗೂ ತಾಳ್ಮೆ ಕಡಿಮೆ. ಫೋನ್ ಮಿಂಚಿತು, ಅದೇ ಅಕೌಂಟು: 'ಉತ್ತರ ಎಲ್ಲಿ? ಸಂಜೆ ಆರರೊಳಗೆ ಕಳಿಸು, ಇಲ್ಲಾಂದ್ರೆ ಎಲ್ಲರಿಗೂ ಹೋಗುತ್ತೆ.'

ಅವನ ಏಳು ತಲೆಮಾರನ್ನು ಒಗೆದು ಒಣಹಾಕುವ ಬೈಗುಳ ಅಂಗಡಿಯವಳ ಬೆರಳ ತುದಿಗೆ ಬಂದಿತ್ತು. ಎರಡೂ ಕೈಗಳನ್ನು ತೊಡೆಯಡಿ ಇಟ್ಟು ಕೂತಳು.

"ಏನು ಮಾಡ್ಬೇಕು, ನೀನೇ ಹೇಳು," ಅಂದಳು ತಂಗಿಗೆ. ಆ ನಾಲ್ಕು ಮಾತು ಹೆರಿಗೆಗಿಂತ ಕಷ್ಟವಾಯಿತು.

"ಉತ್ತರ ಬೇಡ. ಅಳಿಸೋದೂ ಬೇಡ. ಸ್ಕ್ರೀನ್‌ಶಾಟ್ ತೆಗೆದು ಈಗಲೇ ಹೊರಡೋದು."

ಠಾಣೆಯ ಬೆಂಚಿನಲ್ಲಿ ಮಗಳು ಇಬ್ಬರ ನಡುವೆ ಕೂತಳು. ಯಾವ ಕಡೆ ಹೆಚ್ಚು ವಾಲಿದ್ದಾಳೆಂದು ತಾಯಿ ಓರೆಗಣ್ಣಲ್ಲಿ ಅಳೆದಳು. ಚಿಕ್ಕಮ್ಮನ ಕಡೆಗೇ, ಒಂದು ಬೆರಳಿನಷ್ಟು.

ಪೊಲೀಸಮ್ಮ ಹುಡುಗಿಯನ್ನೇ ನೋಡಿ ಅಂದಳು, "ತಪ್ಪು ಮಾಡಿದ್ದು ಅವನು, ನೀನಲ್ಲ. ಬಂದು ಹೇಳಿದ್ದು ಒಳ್ಳೇದಾಯ್ತು." ಆಮೇಲೆ ಬರೆಯುತ್ತಾ ಕೇಳಿದಳು, "ಮೊದಲು ಹೇಳಿದ್ದು ತಾಯಿಗೇ ತಾನೆ?"

ತಂಗಿ ನೆಲ ನೋಡಿದಳು. ಆ ಹೆಗ್ಗಳಿಕೆ ಬೇಕಾದರೆ ನೀನೇ ತಗೋ ಅನ್ನುವ ಹಾಗೆ.

"ಅಲ್ಲ," ಅಂದಳು ತಾಯಿ. "ನನ್ನ ತಂಗಿಗೆ."

"ಹಳೇ ಮೆಸೇಜ್ ಒಂದೂ ಇಲ್ವಲ್ಲ. ಅಳಿಸಿದ್ದು ಯಾರು?"

"ಅದು ನಾನು. ಅಲ್ಲಿ ನನ್ನ ಹೆಸರು ಬರ್ಕೊಳ್ಳಿ."