ಅಮ್ಮನ ಕಾಲ್ಮಣಿ

"ಬಿಚ್ಚು," ಅಂದಳು ಅಮ್ಮ.

ಬಿಚ್ಚಿದೆ. ಬೆಳಿಗ್ಗೆಯಿಂದ ಅದನ್ನೇ ಕಟ್ಟಿ ಅದನ್ನೇ ಬಿಚ್ಚುತ್ತಿದ್ದೆ. ಅಮ್ಮ ಬಾಗಿಲ ಹಿಂದೆ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದಳು. ಕಪ್ಪು ಲಂಗ, ಎದೆಗೆ ಪಿನ್ನು ಚುಚ್ಚಿದ ಕಪ್ಪು ಶಾಲು, ಹುಬ್ಬಿನವರೆಗೆ ಎಳೆದ ಕಪ್ಪು ತಲೆವಸ್ತ್ರ. ನಾನು ಹೊಸ್ತಿಲ ಬೆಳಕಿನಲ್ಲಿದ್ದೆ. ನಡುವೆ ತಟ್ಟೆಯಲ್ಲಿ ಬಿಳಿ ಮಣಿ, ತಿಳಿನೀಲಿ ಮಣಿ. ಸೂತಕದ ಕೈ ಬಿಳಿ ಮಣಿಯನ್ನು ಮುಟ್ಟುವ ಹಾಗಿಲ್ಲ, ಬಿಳಿ ತೀರಿಹೋದ ಹಿರಿಯರದು. ಹಾಗಾಗಿ ಅಮ್ಮ ಗದ್ದದಿಂದಲೇ ತೋರಿಸಿ ಕೆಲಸ ಮಾಡಿಸುತ್ತಿದ್ದಳು.

"ಒಂದು ಬಿಟ್ಟು ಒಂದಕ್ಕೆ ಸೂಜಿ ಹಾಕು ಅಂದೆ. ಪಕ್ಕದ್ದಕ್ಕೇ ಹಾಕ್ತಿದೀಯ. ಅದು ಬಲೆ ಆಗಲ್ಲ, ಗಂಟಾಗತ್ತೆ."

"ತೂತು ಕಾಣ್ಸಲ್ಲಮ್ಮ."

"ಇಡೀ ದಿನ ಫೋನು ಮಾತ್ರ ಕಾಣ್ಸತ್ತೆ."

"ನೀನೇ ಕಟ್ಕೋ ಹಾಗಾದ್ರೆ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಮ್ಮ ತನ್ನ ಎರಡು ಕೈಯನ್ನೂ ಶಾಲಿನೊಳಗೆ ಎಳೆದುಕೊಂಡಳು. "ಮತ್ತೆ ಶುರು ಮಾಡು," ಅಂದಳು.

ಉಳಿದದ್ದೆಲ್ಲ ಮುಗಿದಿತ್ತು. ಭುಜ ಮುಚ್ಚುವ ಕತ್ತಿನ ಹಾರ, ಎದೆಯ ಮೇಲೆ ಇಳಿಬೀಳುವ ಉದ್ದನೆಯ ಸರಗಳು, ಹಣೆಪಟ್ಟಿ, ತಂಬಾಕಿನ ಚೀಲ, ಪೈಪಿನ ಹಿಡಿಗೆ ಸುತ್ತಿದ ಮಣಿ. ನನ್ನ ತಮ್ಮ ಲ್ವಂಡಿಸೊ ಇನ್ನೂ ಕುರಿ ಕಾಯುವ ವಯಸ್ಸಿನಲ್ಲಿದ್ದಾಗ ಅವಳು ಇದನ್ನು ಶುರು ಮಾಡಿದ್ದು. ಅಪ್ಪ ಎಂಗ್ಕೋಬೊ ಪೇಟೆಗೆ ಹೋದಾಗಲೆಲ್ಲ ಮಣಿ ತರುತ್ತಿದ್ದ; ಕಿತ್ತಳೆ ಬಣ್ಣದ್ದನ್ನು ಮಾತ್ರ ಎಷ್ಟು ಹೇಳಿದರೂ ತರಲಿಲ್ಲ, ಅದು ರಸ್ತೆ ಕೆಲಸದವರ ಬಣ್ಣ ಅನ್ನುತ್ತಿದ್ದ. ಕಾಲ್ಮಣಿಯೊಂದನ್ನು ಅಮ್ಮ ಕೊನೆಗೆ ಇಟ್ಟುಕೊಂಡಿದ್ದಳು. ಅಷ್ಟರಲ್ಲಿ ಅಪ್ಪ ಸತ್ತ.

ಅಮ್ಮನಿಗೆ ಬೇಕಾಗಿದ್ದದ್ದು ಇಷ್ಟೇ. ಲ್ವಂಡಿಸೊ ಸುನ್ನತಿ ಮಾಡಿಸಿಕೊಂಡು ಗಂಡಸಾಗಲು ಗುಡ್ಡದ ಗುಡಿಸಲಿಗೆ ಹೋಗಿದ್ದ. ಕ್ರಿಸ್‌ಮಸ್ಸಿಗೆ ಮುಂಚಿನ ಶನಿವಾರ ಮನೆಗೆ ಬರುವವನಿದ್ದ. ಅವನು ಬಂದು ದೊಡ್ಡಿಯ ಬಾಗಿಲಲ್ಲಿ ನಿಲ್ಲುವಾಗ ಎದುರಿಗೆ ಅವಳು ಈ ಮಣಿ ತೊಟ್ಟು ನಿಂತು ಸಂಭ್ರಮದ ಕೂಗು ಹಾಕಬೇಕು. ಗಂಡು ಹೆತ್ತವಳಿಗೆ ಆ ದಿನ ಒಂದೇ ಸಲ ಬರುತ್ತದೆ. ಅವಳಿಗೆ ಇನ್ನೊಬ್ಬ ಮಗನಿಲ್ಲ.

ಆದರೆ ಕಪ್ಪು ಬಟ್ಟೆಯವಳು ಗುಡ್ಡದಿಂದ ಇಳಿದವರ ಎದುರು ಬರಬಾರದು. ಸಾವಿನ ಕತ್ತಲು ಅವರಿಗೆ ತಾಗುತ್ತದೆ, ಗಾಯ ಮಾಯುವುದಿಲ್ಲ. ಸೂತಕ ಬಿಡಿಸಬೇಕಾದವನು ಮನೆಯ ಹಿರಿಮಗ, ನನ್ನ ದೊಡ್ಡಪ್ಪ ದುಮೆಜ್ವೆನಿ. ಅವನು ದನದ ದೊಡ್ಡಿಯಲ್ಲಿ ನಿಂತು ಮಣ್ಣೊಳಗಿರುವ ಹಿರಿಯರಿಗೆ ಹೇಳಬೇಕು, ಕುರಿ ಕಡಿಯಬೇಕು, ಕಪ್ಪು ಬಟ್ಟೆ ಸುಡಿಸಬೇಕು. ಅವನು ಇದ್ದದ್ದು ದೂರದ ರಸ್ಟೆನ್‌ಬರ್ಗಿನ ಗಣಿಯಲ್ಲಿ.

ಚಳಿಗಾಲ ಕಳೆದ ಮೇಲೆ ಬಿಡಿಸುತ್ತೇನೆಂದು ಅಪ್ಪನನ್ನು ಮಣ್ಣು ಮಾಡಿದ ದಿನವೇ ಎಲ್ಲರೆದುರು ಹೇಳಿದ್ದ. ನಮ್ಮಲ್ಲಿ ಚಳಿ ಆಗಸ್ಟಿಗೆ ಮುಗಿಯುತ್ತದೆ; ಸೆಪ್ಟೆಂಬರಿನಲ್ಲಿ ನಾವು ಬಿಯರು ಇಳಿಸಿ, ಕುರಿ ಕಟ್ಟಿ ಕಾದೆವು. ಫೋನು ಬಂತು. ಪಾಳಿ ಬದಲಾಗಿದೆಯಂತೆ. ಮನೆಯ ಬಿಯರು ಕಾಯುವುದಿಲ್ಲ, ಹುಳಿ ಮೀರಿದರೆ ಹಂದಿಗೇ ಸರಿ. ಊರವರು ಬಂದು ಕುಡಿದು ಹೋದರು. ಅಕ್ಟೋಬರಿನಲ್ಲಿ ಮತ್ತೆ ಇಳಿಸಿದೆವು. ಮತ್ತೆ ಫೋನು.

"ಕಾರು ಕೆಟ್ಟಿದೆ ಕಣಮ್ಮ," ಅಂದ ದೊಡ್ಡಪ್ಪ.

"ಟ್ಯಾಕ್ಸಿ ವ್ಯಾನು ಇದ್ಯಲ್ಲ ದೊಡ್ಡಪ್ಪ. ಎಲ್ಲಾರೂ ಅದ್ರಲ್ಲೇ ಬರ್ತಾರೆ."

"ಮನೆ ಹಿರಿಮಗ ಟ್ಯಾಕ್ಸಿ ಹಿಂದಿನ ಸೀಟಲ್ಲಿ ಮಡಚ್ಕೊಂಡು ಬರ್ಬೇಕಾ? ಕೋಳಿ ಬುಟ್ಟಿ ತೊಡೆ ಮೇಲಿಟ್ಕೊಂಡು?"

ಪಕ್ಕದ ಮನೆಯವಳು ನಾವು ಕರೆಯುವ ಮೊದಲೇ ಬಿಯರಿಗೆ ಡಬ್ಬಿ ಹಿಡಿದುಕೊಂಡು ಬಂದಳು. "ಈ ಸಲಾನೂ ಬರ್ಲಿಲ್ವಾ? ಅಯ್ಯೋ ಪಾಪ. ಹೋಗ್ಲಿ ಬಿಡು, ಮುಂದಿನ ತಿಂಗಳು ಸ್ವಲ್ಪ ಜಾಸ್ತಿನೇ ಇಳ್ಸಿ. ಹೋದ ಸಲ ನನ್ ಗಂಡಂಗೆ ಸಾಲ್ಲಿಲ್ಲ."

ನಾನು ಫಕಾಡೆ ತಾತನ ಮನೆಗೆ ಹೋದೆ. ಅವನು ನಮ್ಮ ಕುಲದವನೇ, ಅಪ್ಪನಿಗಿಂತ ಹಿರಿಯ, ಊರಲ್ಲೇ ಇರುವವನು. ಬಿಸಿಲಲ್ಲಿ ಕೂತು ಬೂಟಿಗೆ ಎಣ್ಣೆ ಹಚ್ಚುತ್ತಿದ್ದ.

"ತಾತ, ನೀವೇ ಎರಡು ಮಾತು ಹೇಳ್ಬಿಡಿ. ನಿಮ್ಗೂ ಅವ್ರೇ ಹಿರಿಯರಲ್ವಾ?"

"ಅವ್ರೇ."

"ಮತ್ತೆ?"

"ದುಮೆಜ್ವೆನಿ ಬದುಕಿದಾನಲ್ಲ. ಅವನು ಬದುಕಿರೋವಾಗ ಅವರಪ್ಪನ ದೊಡ್ಡೀಲಿ ನಾನು ಬಾಯ್ಬಿಟ್ರೆ, ಒಳಗಿರೋರು ಇವನ್ಯಾರು ಅಂತ ಕೇಳಲ್ವಾ?"

"ಅವನು ಬರ್ತಾನೇ ಇಲ್ಲ."

"ಬರ್ದೇ ಇರೋದು ಬೇರೆ, ಸಾಯೋದು ಬೇರೆ ಮಗಾ." ಅವನು ಬೂಟು ತಿರುಗಿಸಿ ಹಿಮ್ಮಡಿ ನೋಡಿದ. ಮಾತು ಮುಗಿಯಿತು.

ಗುಡ್ಡಕ್ಕೆ ಹೋಗುವ ದಿನ ಲ್ವಂಡಿಸೊ ಅಮ್ಮನ ಬಾಗಿಲ ಹೊರಗೇ ನಿಂತಿದ್ದ. ಒಳಗೆ ಬರಬೇಡ ಎಂದು ಗಂಡಸರು ಹೇಳಿದ್ದರು. "ನಾನು ಬರೋ ಹೊತ್ಗೆ ಬಿಡ್ಸಿರ್ತಾರಲ್ವಮ್ಮಾ?" ಎಂದು ಗೋಡೆಗೆ ಹೇಳಿದ. "ಬಿಡ್ಸಿರ್ತಾರೆ. ನೀನು ಹೋಗು," ಎಂದಳು ಗೋಡೆಯ ಆಚೆಯಿಂದ ಅಮ್ಮ.

ದೊಡ್ಡಪ್ಪ ಬಂದದ್ದು ಶುಕ್ರವಾರ ಮಧ್ಯಾಹ್ನ. ರಿಪೇರಿಯಾದ ಕಾರಿನಲ್ಲಿ, ಹೆಂಡತಿ ನೊಬಂಡ್ಲಳನ್ನು ಕರೆದುಕೊಂಡು. ಮರುದಿನ ಬೆಳಿಗ್ಗೆ ಹುಡುಗರು ಇಳಿಯುತ್ತಾರೆ. ನಾನು ಅವನ ಚೀಲ ಇಳಿಸುವುದಕ್ಕೂ ಮೊದಲೇ ಕೇಳಿದೆ.

"ಕುರಿ ಕಟ್ಟಿದೆ ದೊಡ್ಡಪ್ಪ. ಬಿಯರೂ ಇದೆ. ಈಗ್ಲೇ ಬಿಡ್ಸಿ. ಸಂಜೆ ಒಳ್ಗೆ ಮುಗಿಯತ್ತೆ."

"ಒಂದು ಲೋಟ ನೀರು ಕೊಡು ಮೊದ್ಲು."

ನೀರು ಕುಡಿದು ದೊಡ್ಡಿಗೆ ಹೋದ. ಗಂಡಸರು ಕೂತರು. ಬಹಳ ಹೊತ್ತು ಕೂತರು. ಹುಡುಗರನ್ನು ನೋಡಿಕೊಳ್ಳುವವನೂ ಗುಡ್ಡದಿಂದ ಇಳಿದು ಬಂದು ಏನೋ ಹೇಳಿ ಹೋದ. ಕೊನೆಗೆ ದೊಡ್ಡಪ್ಪ ಅಂಗಳಕ್ಕೆ ಬಂದು ಅಮ್ಮನ ಬಾಗಿಲ ಕಡೆ ಮುಖ ಮಾಡಿ ನಿಂತ.

"ಮಾಂಪಿಂಗಾ," ಎಂದು ಅಮ್ಮನನ್ನು ತವರು ಕುಲದ ಹೆಸರಿನಿಂದ ಕರೆದ. "ಕೇಳಿಸ್ತಿದ್ಯಾ?"

"ಕೇಳಿಸ್ತಿದೆ," ಎಂದಳು ಅಮ್ಮ ಒಳಗಿಂದ.

"ಇವತ್ತು ಆಗಲ್ಲ. ಇವತ್ತು ಕಪ್ಪು ಸುಟ್ರೆ ನಾಳೆ ಬೆಳಿಗ್ಗೆ ಅದರ ಹೊಗೆ ಇನ್ನೂ ಈ ಅಂಗಳದಲ್ಲೇ ಇರತ್ತೆ. ಹುಡುಗ ಅದ್ರೊಳಗೆ ನಡ್ಕೊಂಡು ಬರ್ಬೇಕಾಗತ್ತೆ. ಒಂದೇ ದೊಡ್ಡೀಲಿ ಸಾವಿನ ಮಾತು, ಗಂಡಸಿನ ಮಾತು ಎರಡನ್ನೂ ಒಟ್ಟೊಟ್ಟಿಗೆ ಹೇಳೋಕಾಗಲ್ಲ."

"ಸೆಪ್ಟೆಂಬರಲ್ಲಿ ಹೇಳ್ಬಹುದಿತ್ತಲ್ಲ?" ಅಂದೆ ನಾನು. "ಅಕ್ಟೋಬರಲ್ಲಿ?"

"ಜಿಖೋನ," ಎಂದು ನನ್ನ ಹೆಸರು ಹಿಡಿದು ತಡೆದಳು ಅಮ್ಮ.

"ಈ ಹುಡುಗಿಗೆ ಔಷಧಿ ಅಂಗಡೀಲಿ ಕೆಲಸ ಸಿಕ್ಕಿದ ಮೇಲೆ ನಾಲಿಗೆ ಉದ್ದ ಆಗಿದೆ," ಎಂದ ದೊಡ್ಡಪ್ಪ. "ಭಾನುವಾರ ಬಿಡಿಸ್ತೀನಿ. ಹೇಗೂ ಜನ ಇರ್ತಾರೆ, ಮಾಂಸ ಇರತ್ತೆ. ಸೋಮವಾರ ನಾನು ಹೊರಡ್ಬೇಕು."

"ಶುಕ್ರವಾರದ ಹೊಗೆ ತಾಗತ್ತೆ, ಭಾನುವಾರದ್ದು ತಾಗಲ್ವಾ? ಅವನು ಭಾನುವಾರಾನೂ ಇಲ್ಲೇ ಇರ್ತಾನಲ್ಲ?"

"ಅಷ್ಟೊತ್ಗೆ ಅವನು ಗಂಡಸು. ನಿಂಗೆ ಅರ್ಥ ಆಗಲ್ಲ."

ಅರ್ಥವಾಗಿತ್ತು. ಅವನ ರಜೆ ಎಷ್ಟಿದೆಯೋ ಸಾವಿನ ಕತ್ತಲೂ ಅಷ್ಟೇ ಇತ್ತು. ಆದರೆ ಆ ಮಾತನ್ನು ಅವನ ಮುಖಕ್ಕೆ ಹೇಳಲು ಫಕಾಡೆ ತಾತನಿಗೂ ಬಾಯಿ ಬರಲಿಲ್ಲ; ಅವನು ದೊಡ್ಡಿಯ ಕಂಬಕ್ಕೆ ಒರಗಿ ಬೂಟು ನೋಡಿಕೊಳ್ಳುತ್ತಿದ್ದ.

ಅಮ್ಮನಿಗೆ ಅಷ್ಟು ನೋವು ಸಾಲದೆಂಬಂತೆ, ದೊಡ್ಡಪ್ಪ ಹೊರಟವನು ತಿರುಗಿ ನಿಂತ. "ತಾಯಿ ನಿಲ್ಲೋ ಜಾಗ ಖಾಲಿ ಇರ್ಬಾರ್ದು. ನೊಬಂಡ್ಲ ನಿಲ್ತಾಳೆ. ದೊಡ್ಡಮ್ಮಾನೂ ತಾಯೀನೇ."

ನೊಬಂಡ್ಲ ದೊಡ್ಡಮ್ಮ ಕಾರಿನ ಬಳಿ ಹ್ಯಾಟು, ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. "ನಾನು ಹೀಗೆ ಹೇಗ್ರೀ ನಿಲ್ಲೋದು?" ಎಂದಳು. "ನನ್ ಮಣಿಯೆಲ್ಲ ಅಲ್ಲೇ ಬಿಟ್ಬಂದೆ. ನೀವು ಇದೆಲ್ಲ ಹೇಳಿದ್ರಾ?"

"ಮಾಂಪಿಂಗಾದು ಇದ್ಯಲ್ಲ. ಸುಮ್ನೆ ಪೆಟ್ಟಿಗೇಲಿ ಕೂತಿದೆ."

ನಾನು ಬಾಗಿಲ ಒಳಗೆ ನೋಡಿದೆ. ಅಮ್ಮ ಬೇಡ ಅನ್ನಲಿ ಎಂದು ಕಾದೆ. ಬೇಡ ಅಂದಿದ್ದರೆ ನಾನು ಪೆಟ್ಟಿಗೆಯ ಮೇಲೆ ಕೂತುಬಿಡುತ್ತಿದ್ದೆ. ಅಮ್ಮ ಚಾಪೆಯ ಅಂಚನ್ನು ಕಿತ್ತಳು, ಇನ್ನಷ್ಟು ಕಿತ್ತಳು.

"ಕೊಡು," ಎಂದಳು. "ಬರೀ ಕತ್ತಿನವಳ ಮುಂದೆ ಬಂದು ನಿಲ್ಲಬಾರ್ದು ನನ್ ಮಗ."

ಕತ್ತಿನ ಹಾರ ನೊಬಂಡ್ಲ ದೊಡ್ಡಮ್ಮನಿಗೆ ಬಿಗಿಯಾಯಿತು, ಆದರೂ ಬಂತು. ಕಾಲ್ಮಣಿ ಬರಲಿಲ್ಲ. ಅವಳ ಕಾಲು ದಪ್ಪ. ನಾನು ಅಷ್ಟು ಸಲ ಬಿಚ್ಚಿ ಕಟ್ಟಿದ ಪಟ್ಟಿಯ ಎರಡು ತುದಿ ಒಂದನ್ನೊಂದು ಮುಟ್ಟಲೇ ಇಲ್ಲ. ಒಳಗೊಳಗೇ ಖುಷಿಯಾಯಿತು.

"ಬಿಡು ಮಗಾ, ಕಾಲಿಗೆ ಬೇಡ," ಎಂದಳು ದೊಡ್ಡಮ್ಮ. ಅವಳ ಮುಖವೂ ಚಿಕ್ಕದಾಗಿತ್ತು. "ನಾನು ಬೇಕೂಂತ ಕೇಳಿದ್ದಲ್ಲ, ಮಾಂಪಿಂಗಾ."

"ಕಾಲಿಗೆ ಬೇಕು ಅಕ್ಕ," ಎಂದಳು ಅಮ್ಮ ಬಾಗಿಲ ಹಿಂದಿನಿಂದ. "ಅವನು ತಲೆ ತಗ್ಗಿಸ್ಕೊಂಡಿರ್ತಾನೆ. ಅವನಿಗೆ ಕಾಣೋದು ಕಾಲೊಂದೇ. ಜಿಖೋನ, ತುದಿಗೆ ದಾರದ ಕುಣಿಕೆ ಹಾಕು. ಗುಂಡಿಯನ್ನ ಈಚೆಗೆ ಹೊಲಿ. ಅಲ್ಲ, ಇನ್ನೂ ಈಚೆಗೆ. ಎಳೆದು ನೋಡು. ಬಿಚ್ಚು, ಮತ್ತೆ ಹಾಕು."

ತನ್ನ ಕಾಲಿನ ಮಣಿಯನ್ನು ಇನ್ನೊಬ್ಬಳ ಕಾಲಿಗೆ ಸರಿಹೊಂದಿಸುವ ಕೆಲಸವನ್ನು ಅವಳು ಕಪ್ಪು ಮೂಲೆಯಿಂದ ಮುಗಿಸಿದಳು. ನಾನು ಬೆರಳಿಗೆ ಸೂಜಿ ಚುಚ್ಚಿಕೊಂಡೆ, ಯಾರಿಗೂ ಹೇಳಲಿಲ್ಲ.

ಶನಿವಾರ ಅಮ್ಮನನ್ನು ಹಿಂದಿನ ಗುಡಿಸಲಿನಲ್ಲಿ ಕೂರಿಸಿದರು. ಜೊತೆಗೆ ನಾನು. ಅದರ ಕಿಟಕಿ ತಟ್ಟೆಯಷ್ಟಗಲ. ಗಂಡಸರ ಹಾಡು ಮೊದಲು ಕೇಳಿಸಿತು, ಆಮೇಲೆ ಕೋಲುಗಳ ಸದ್ದು, ಹೆಂಗಸರ ಕೂಗು. ಅಮ್ಮ ನನ್ನನ್ನು ಪಕ್ಕಕ್ಕೆ ತಳ್ಳಿ ಕಿಟಕಿಗೆ ಮುಖ ಇಟ್ಟಳು.

ನಾನು ಬಾಗಿಲ ಸಂದಿನಿಂದ ನೋಡಿದೆ. ಲ್ವಂಡಿಸೊ ಹೊಸ ಕಂಬಳಿಯಲ್ಲಿದ್ದ. ಮುಖಕ್ಕೆ ಕೆಮ್ಮಣ್ಣು. ಹೊಸ ಗಂಡಸರು ಕಣ್ಣೆತ್ತುವುದಿಲ್ಲ. ಅವನೂ ನೆಲ ನೋಡಿಕೊಂಡೇ ನಡೆದ. ದೊಡ್ಡಿಯ ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದಳು. ಅವನು ಅವಳನ್ನು ದಾಟಿ ಹೋಗಬೇಕಿತ್ತು, ಹೋಗಲಿಲ್ಲ. ನಿಂತ. ಅವನ ಕಣ್ಣಿನ ಕೆಳಗೆ ಬಿಳಿ, ತಿಳಿನೀಲಿ ಕಾಲ್ಮಣಿ ಇತ್ತು. ತಲೆ ಇನ್ನಷ್ಟು ಕೆಳಗೆ ಬಾಗಿತು. ಹಿಂದಿನ ಹುಡುಗ ಅವನ ಬೆನ್ನಿಗೆ ಡಿಕ್ಕಿ ಹೊಡೆದ. ಯಾರೋ ಗಂಡಸು "ನಡಿ, ನಡಿ" ಎಂದು ಗದರಿಸಿದ. ದೊಡ್ಡಮ್ಮ ನಾಲಿಗೆ ಆಡಿಸಿ ಕೂಗು ಹಾಕಿದಳು. ಚೆನ್ನಾಗಿಯೇ ಹಾಕಿದಳು, ಅದನ್ನು ಅಲ್ಲಗಳೆಯಲಾರೆ.

ಅಮ್ಮನ ಬಾಯಿಯೂ ತೆರೆಯಿತು. ಸದ್ದು ಹೊರಡುವ ಮೊದಲು ಅವಳು ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಎಲ್ಲ ಒಳಗೆ ಹೋದ ಮೇಲೆ ಅದನ್ನು ತೆಗೆದು, "ತೆಳ್ಳಗಾಗಿದಾನೆ," ಅಂದಳು.

"ಅವನಿಗೆ ನೀನೇ ಅನ್ನಿಸ್ತಮ್ಮ."

"ನಂಗೂ ಕಣ್ಣಿದೆ."

ಭಾನುವಾರ ದೊಡ್ಡಪ್ಪ ಹೇಳಿದಂತೆಯೇ ಸೂತಕ ಬಿಡಿಸಿದ. ಅಮ್ಮನ ಕುಲದವರು ತವರಿನಿಂದ ಹೊಸ ಲಂಗ, ಹೊಸ ತಲೆವಸ್ತ್ರ ತಂದಿದ್ದರು. ಅಮ್ಮನ ಕೂದಲು ಬೋಳಿಸಿದರು, ಮೈ ತೊಳೆದರು, ಕಪ್ಪನ್ನೆಲ್ಲ ದೊಡ್ಡಿಯ ಹಿಂದೆ ರಾಶಿ ಹಾಕಿ ಸುಟ್ಟರು. ಪಿನ್ನು ಸುಡಲಿಲ್ಲ, ನಾನು ಅದನ್ನು ಕಾಲಿನಿಂದ ಬೂದಿಯೊಳಗೆ ತಳ್ಳಿದೆ. ಹೊಗೆ ಇಡೀ ಅಂಗಳ ತುಂಬಿತು, ಲ್ವಂಡಿಸೊ ಕೂತಿದ್ದ ಮನೆಯೊಳಗೂ ಹೋಯಿತು. ಯಾರೂ ಏನೂ ಹೇಳಲಿಲ್ಲ. ಆಗ ನನಗೆ ಕಿರುಚಬೇಕು ಅನ್ನಿಸಿತು.

ದೊಡ್ಡಮ್ಮ ಮಣಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಳು.

"ಹಾಕ್ಕೋ ಮಾಂಪಿಂಗಾ," ಎಂದ ದೊಡ್ಡಪ್ಪ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. "ಈಗ ನಿಂಗೆ ಯಾವ ಅಡ್ಡೀನೂ ಇಲ್ಲ. ಹಿರಿಯರು ನೋಡ್ಲಿ."

"ನಿನ್ನೆ ನೋಡಿದಾರೆ," ಎಂದಳು ಅಮ್ಮ.

"ಏನು?"

"ಈ ಮಣೀನ ಅವ್ರು ನಿನ್ನೇನೇ ನೋಡಿದಾರೆ. ಇವತ್ತು ಮತ್ತೇನು ತೋರ್ಸೋದು?"

ಹೆಂಗಸರ ಗುಂಪಿನಲ್ಲಿ ಯಾರೋ ಕೆಮ್ಮಿದಂತೆ ನಕ್ಕರು. ಅಮ್ಮ ಹೀಗೆ ಅವನಿಗೆ ಎದುರಾಡಿದ್ದು ಅದೇ ಮೊದಲು. ದೊಡ್ಡಪ್ಪ ಕುರಿಯ ಕಡೆ ನೋಡಿದ, ಫಕಾಡೆ ತಾತನ ಕಡೆ ನೋಡಿದ. "ಬರೀ ಕತ್ತಿನವಳ ಹೆಸರು ಹೇಳಿ ನಾನು ಹೇಗೆ ಒಳಗಿನವ್ರನ್ನ ಕರೀಲಿ?"

"ಕರೀರಿ ಭಾವ. ಸೋಮವಾರ ಹೊರಡ್ಬೇಕಲ್ಲ ನೀವು."

ಅವನು ಕರೆದ. ಮಾತು ಚುಟುಕಾಗಿತ್ತು. ಕುರಿ ಬಿತ್ತು.

ಮಾಂಸ ಬೇಯುವಾಗ ಲ್ವಂಡಿಸೊನನ್ನು ಕರೆತಂದರು, ತಾಯಿಯ ಮುಂದೆ ನಿಲ್ಲಿಸಿದರು. ಕೋಲನ್ನು ನೆಲಕ್ಕೆ ಊರಿ, ತಲೆ ತಗ್ಗಿಸಿ, ಗುಡ್ಡದಲ್ಲಿ ಕಲಿತ ನಿಧಾನ ದನಿಯಲ್ಲಿ ಮಾತಾಡಿದ. "ಅಮ್ಮ, ನಿನ್ನೆ ನಿನ್ನ ಕಾಲ್ಮಣಿ ನೋಡ್ದೆ. ನೋಡಿ ಧೈರ್ಯ ಬಂತು."

ದೊಡ್ಡಮ್ಮ ಬೇರೆ ಕಡೆ ತಿರುಗಿದಳು. ನಾನು ಅಮ್ಮನ ಕೈ ಒತ್ತಿದೆ: ಬಿಡು, ಹಾಗೇ ಇರಲಿ ಎಂದು. ಅವಳು ಕೈ ಬಿಡಿಸಿಕೊಂಡಳು.

"ಮಣಿ ನಂದು. ಕಾಲು ನಂದಲ್ಲ," ಎಂದಳು. "ನಿನ್ನೆ ನಾನು ಕಪ್ಪಲ್ಲಿದ್ದೆ. ಹಿಂದಿನ ಗುಡಿಸಲಲ್ಲಿ ಕೂರ್ಸಿದ್ರು. ನೀನು ಬಂದಿದ್ದನ್ನ ಕಿಟಕಿಯಿಂದ ನೋಡ್ದೆ."

ಲ್ವಂಡಿಸೊ ತಲೆ ಎತ್ತಿದ. ಎತ್ತಬಾರದಿತ್ತು. ಕೆಮ್ಮಣ್ಣಿನ ನಡುವೆ ಅವನ ಕಣ್ಣು ಹೊಸ ತಲೆವಸ್ತ್ರದ ಕೆಳಗಿನ ಅಮ್ಮನ ಬೋಳು ತಲೆ, ಬರಿಯ ಕತ್ತು ನೋಡಿತು. ಬಿಡಿಸಿರುತ್ತಾರೆ ಎಂದು ಗೋಡೆಯ ಆಚೆಯಿಂದ ಹೇಳಿದವಳು ಇವಳೇ ತಾನೇ ಎಂದು ಗುರುತು ಹಿಡಿಯುವವನ ಹಾಗೆ ನೋಡಿದ. ಬಾಯಿ ತೆರೆದ.

"ತಲೆ ತಗ್ಸೋ!" ಎಂದು ದೊಡ್ಡಪ್ಪ ದೊಡ್ಡಿಯಿಂದ ಕೂಗಿದ. "ಗುಡ್ಡದಲ್ಲಿ ಇದನ್ನೇ ಕಲಿಸಿದ್ದಾ ನಿಂಗೆ?"

ಲ್ವಂಡಿಸೊ ತಲೆ ತಗ್ಗಿಸಿದ. ಅಮ್ಮನ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಅವನು ಅದನ್ನೇ ನೋಡುತ್ತ ನಿಂತ, ಮಾಂಸ ಬೆಂದಿತೆಂದು ಗಂಡಸರು ಅವನನ್ನು ಕರೆದುಕೊಂಡು ಹೋಗುವವರೆಗೆ.