ಒಳಗೆ ದೀಪ ಹತ್ತುವ ಪೆಟ್ಟಿಗೆ

ಗಾದೆ ಸುಳ್ಳಾದರೂ ಈ ಕತೆ ಸುಳ್ಳಾಗದು. ಪೆಟ್ಟಿಗೆ ಹೊತ್ತ ಹೆಗಲು ನನ್ನದೇ.

"ಮುಟ್ಬೇಡ ಕಣೇ ಮುಂಡೆ! ಆ ಕೊಳಕು ಕೈ ನನ್ನ ಫ್ರಿಜ್ಜಿಗೆ ತಾಗಿದ್ರೆ ಕತ್ತರಿಸ್ತೀನಿ!"

ಧಣಿಯ ಕೂಗಿಗೆ, ಅವನ ಅಡುಗೆಮನೆ ಒರೆಸುತ್ತಿದ್ದ ಅಕ್ಕ ಕೈ ಹಿಂದೆಳೆದುಕೊಂಡಳು. ಮಗಳು ಗುಬ್ಬಿಯ ಸಕ್ಕರೆ ಕಾಯಿಲೆಯ ಸೂಜಿಮದ್ದನ್ನು ಅದರ ಮೂಲೆಯಲ್ಲಿಡಲೇ ಎಂದು ಕೇಳಿದ್ದಳು, ಅಷ್ಟೇ. ಮದ್ದು ಮತ್ತೆ ನಮ್ಮ ಗುಡಿಸಲಿನಲ್ಲಿ ತಂಪಿಗೆಂದು ಒದ್ದೆ ಮರಳಲ್ಲಿ ಹೂತ ಮಡಕೆಗೇ ಹೋಯಿತು.

ನಮ್ಮ ಕೇರಿಗೂ ಕರೆಂಟು ಬಂತು. ಧಣಿ ಮೂಗಲ್ಲೇ ರಾಗ ಎಳೆದ: "ಹಳೇ ಫ್ರಿಜ್ಜು ಬಿದ್ದಿದೆ, ಹೊತ್ಕೊಂಡು ಹೋಗ್ರೋ. ಪದೇ ಪದೇ ಬಾಗ್ಲು ತೆಗೀಬೇಡಿ, ತಂಪು ಓಡ್ಹೋಗುತ್ತೆ!"

ವೈರು ಸಿಕ್ಕಿಸಿ ಬಾಗಿಲು ತೆಗೆದೆವು. ಒಳಗೆ ದೀಪ ಹತ್ತಿತು. ಕೇರಿಯೆಲ್ಲ ಚಪ್ಪಾಳೆ.

"ಮಾವಾ, ಒಳಗೆ ಬೆಳಗಾಯ್ತು!" ಗುಬ್ಬಿ ಕುಣಿದಳು.

"ಸದ್ದೇ ಇಲ್ವಲ್ಲಕ್ಕಾ?" ಅಂದೆ.

"ಬಾಯ್ಮುಚ್ಕೊಂಡು ದುಡಿಯುತ್ತೆ ಕಣೋ, ನಮ್ಮಂಗೇ."

ಮದ್ದು ಒಳಗಿಟ್ಟಳು. ಮಡಕೆ ಕೋಳಿಗೆ ನೀರಿಡಲು ಹೋಯಿತು. ಅದಕ್ಕೂ ಮೊದಲು ಫ್ರಿಜ್ಜಿನೊಳಗೆ ಕೈಯಿಟ್ಟವರು ನಮ್ಮಲ್ಲಿ ಯಾರೂ ಇರಲಿಲ್ಲ. ಎಷ್ಟು ತಂಪಾದರೆ ತಂಪು ಎಂದು ಯಾರಿಗೆ ಗೊತ್ತು?

ಬೇಸಿಗೆ ಸುಟ್ಟಿತು. ದಿನವೂ ಸೂಜಿ ಚುಚ್ಚಿದರೂ ಗುಬ್ಬಿ ಕರಗಿದಳು. ಕೊಡಗಟ್ಟಲೆ ನೀರು ಕುಡಿದಳು. ಆಸ್ಪತ್ರೆಗೆ ಹೊತ್ತೊಯ್ದಾಗ ಕಣ್ಣು ತೆರೆಯಲಿಲ್ಲ. ಡಾಕ್ಟರು ಸೀಸೆಯನ್ನು ಬೆಳಕಿಗೆ ಹಿಡಿದರು.

"ಮದ್ದು ಕೆಟ್ಟಿದೆಯಲ್ಲಮ್ಮ! ತಂಪಲ್ಲಿ ಇಟ್ಟಿರ್ಲಿಲ್ವಾ?"

"ಫ್ರಿಜ್ಜಲ್ಲೇ ಇಟ್ಟಿದ್ದೆ ಸ್ವಾಮಿ."

ಗುಬ್ಬಿಯನ್ನು ಮಣ್ಣು ಮಾಡಿ ಬಂದ ಅಕ್ಕ ಒಂದೇ ಮಾತಂದಳು: "ಪೆಟ್ಟಿಗೆ ಹೊರೋ."

ಧಣಿಯ ಜಗಲಿಯಲ್ಲಿ ನೆಂಟರು ತುಂಬಿದ್ದರು. ನಮ್ಮನ್ನು ಕಂಡದ್ದೇ ಧಣಿ ತೊಡೆ ತಟ್ಟಿದ.

"ನೋಡ್ರಪ್ಪಾ, ಹೇಳ್ತಿದ್ನಲ್ಲ, ಇವ್ರೇ! ಲೇ ಬೋಳಿಮಕ್ಳಾ, ಈಗ ಗೊತ್ತಾಯ್ತೇನ್ರೋ? ತಂಪು ಮಾಡೋ ಮೋಟ್ರು ಅವತ್ತೇ ಬಿಚ್ಚಿಸಿದ್ದೆ. ಒಳಗಿರೋದು ಬರೀ ಬಲ್ಬು! ತಮಾಷೆ ಕಣ್ರೋ!"

ನೆಂಟರು ಬಿದ್ದು ಬಿದ್ದು ನಕ್ಕರು.

ಅಕ್ಕ ಅವನ ಗೋಡೆಗೇ ವೈರು ಸಿಕ್ಕಿಸಿ ಬಾಗಿಲು ತೆರೆದಳು. ದೀಪ ಹತ್ತಿತು. ಒಳಗೆ ಮಡಿಸಿಟ್ಟ ಗುಬ್ಬಿಯ ಲಂಗ, ಅದರ ಮೇಲೆ ಮದ್ದಿನ ಸೀಸೆ.

"ಮಗೂದಾ?" ಅಂದರು ಯಾರೋ. ನಗು ನಿಂತಿತು.

ಆಗ ಅಕ್ಕ ನಗತೊಡಗಿದಳು. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತಾ, ಅವರೆಲ್ಲರೂ ನಕ್ಕದ್ದಕ್ಕಿಂತ ಜೋರಾಗಿ. ಧಣಿ ಸ್ವಿಚ್ಚು ಆರಿಸಲು ಕೈ ಚಾಚಿದ.

ಅಕ್ಕ ಅಡ್ಡ ನಿಂತಳು, ನಗುತ್ತಲೇ.

"ಮುಟ್ಬೇಡ!"