ಖಾಲಿ ಬೋರ್ಡುಗಳ ಪೇಟೆ

ಚೌಕದ ಕರಿಹಲಗೆಯ ಮೇಲೆ ದಾದಾಸಾಹೇಬ ಸತ್ತವನ ಹೆಸರು ಬರೆದು, ಸೀಮೆಸುಣ್ಣದಿಂದ ಕೆಳಗೊಂದು ಗೆರೆ ಎಳೆಯುತ್ತಿದ್ದ. ನಿಪ್ಪಾಣಿಯಲ್ಲಿ ಯಾರೇ ತೀರಿಕೊಂಡರೂ ಸುದ್ದಿ ಮೊದಲು ಈ ಹಲಗೆಗೆ ಬರಬೇಕು, ಅದನ್ನು ಅಂಗಡಿ ಬೋರ್ಡು ಬರೆಯುವ ದಾದಾಸಾಹೇಬನೇ ಬರೆಯಬೇಕು. ಇವತ್ತಿನ ಹೆಸರು ಭಾವುಸಾಹೇಬ. ಅದರ ಮುಂದೆ ‘ಪೇಂಟರ್’ ಎಂದು ಸೇರಿಸಿದ್ದ.

ಹಿಂದೆ ನಿಂತಿದ್ದ ಸತ್ತವನ ತಮ್ಮ ಜಯಪಾಲ ಮೆಲ್ಲಗೆ ಹೇಳಿದ.

“ಚಿತ್ರಕಾರ ಅಂತ ಬರೀರಿ ದಾದಾ. ಪೇಂಟರ್ ಅಂದ್ರ ನೀವು.”

ಬೇಕೆಂದು ಹೇಳಿದ್ದಲ್ಲ, ಆದರೂ ಚುಚ್ಚಿತು. ಸತ್ತ ಮೇಲೂ ಈ ಮನುಷ್ಯ ತನಗಿಂತ ಒಂದು ಮೆಟ್ಟಿಲು ಮೇಲೆಯೇ! ದಾದಾಸಾಹೇಬ ಅಳಿಸಿ ಬರೆದ. ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು, ಅಕ್ಷರ ಮಾತ್ರ ಸೊಟ್ಟಗಾಗಲಿಲ್ಲ.

*

ಭಾವುಸಾಹೇಬ ವಾರಪತ್ರಿಕೆಗಳ ಕತೆಗಳಿಗೆ ಚಿತ್ರ ಬರೆಯುತ್ತಿದ್ದವನು. ೧೯೮೬ರಲ್ಲಿ ಹಳೆಯ ನಿಪ್ಪಾಣಿಯ ಚಿತ್ರಗಳನ್ನು ವಾಚನಾಲಯದ ಗೋಡೆಗೆ ತೂಗುಹಾಕಿದಾಗ ಊರೇ ನೆರೆಯಿತು. ತಂಬಾಕು ದಾಸ್ತಾನಿಡುವ ವಖಾರಿಗಳು, ಟಾಂಗಾ ನಿಲ್ಲುವ ಜಾಗ, ಬೀಡಿ ಕಟ್ಟುವ ಹೆಂಗಸರು. ಮುದುಕರು ತಮ್ಮ ತಮ್ಮ ಅಂಗಡಿಯ ಗುರುತು ಹಿಡಿದು ಕಣ್ಣೊರೆಸಿಕೊಂಡರು.

ದಾದಾಸಾಹೇಬ ಹುಡುಕಿದ್ದು ತನ್ನ ಅಕ್ಷರಗಳನ್ನು. ಆ ಪೇಟೆಯ ಅಂಗಡಿಗಳಿಗೆಲ್ಲ ಹರೆಯದಲ್ಲಿ ಹೆಸರು ಬರೆದವನು ಅವನೇ. ಚಿತ್ರದಲ್ಲಿ ಹೆಂಚಿತ್ತು, ಬಾಗಿಲಿತ್ತು, ಬಾಗಿಲ ಮುಂದೆ ಮಲಗಿದ ನಾಯಿಯೂ ಇತ್ತು. ಬೋರ್ಡುಗಳೂ ಇದ್ದವು, ಆದರೆ ಎಲ್ಲವೂ ಖಾಲಿ.

ನಾಯಿಗೆ ಸಿಕ್ಕ ಜಾಗ ತನಗೆ ಸಿಗಲಿಲ್ಲವಲ್ಲ ಎಂದು ಉರಿದುಹೋದ. ಊರಿನ ನೆನಪಿನಿಂದಲೇ ತನ್ನನ್ನು ಒರೆಸಿಹಾಕಿದ್ದಾನೆ ಎನಿಸಿತು. ಹತ್ತಿರ ಹೋಗಿ ನೋಡುವಷ್ಟು ತಾಳ್ಮೆ ಉಳಿಯಲಿಲ್ಲ. ಅಂದಿನಿಂದ ಮಾತು ಬಿಟ್ಟ, ಭಾವುಸಾಹೇಬ ಎದುರಿಗೆ ಬಂದರೆ ಪಕ್ಕದ ಓಣಿ ಹಿಡಿದ.

*

ಭಾವುಸಾಹೇಬನ ಮನೆಯಂಗಳದಲ್ಲಿ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದರು. ಹೊತ್ತು ಮುಳುಗುವುದರೊಳಗೆ ಒಯ್ಯಬೇಕೆಂದು ಹಿರಿಯರ ಅವಸರ. ಬಂದವರು ಹೆಣಕ್ಕೆ ಕೈಮುಗಿದು, ಪಡಸಾಲೆಯ ಗೋಡೆ ತುಂಬ ಹಚ್ಚಿದ್ದ ಅದೇ ಹಳೆಯ ನಿಪ್ಪಾಣಿಯ ಚಿತ್ರಗಳನ್ನು ನೋಡಿ, ಇಂಥ ಕೈ ಮತ್ತೆ ಹುಟ್ಟುವುದಿಲ್ಲ ಎನ್ನುತ್ತಿದ್ದರು. ದಾದಾಸಾಹೇಬನಿಗೆ ಅದನ್ನೂ ಸಹಿಸಲಾಗಲಿಲ್ಲ. ನಾಳೆ ತಾನು ಸತ್ತರೆ ಜನ ಯಾವ ಗೋಡೆ ನೋಡಬೇಕು?

ಸತ್ತವನ ಹೆಂಡತಿ ರಾಜಮತಿಗೆ ಎರಡು ಸಮಾಧಾನದ ಮಾತು ಹೇಳಲು ಹೋದವನು ತಡೆಯಲಾರದೆ ಕೇಳಿಬಿಟ್ಟ.

“ವೈನಿ, ಬೋರ್ಡ್ ಯಾಕ ಖಾಲಿ ಬಿಟ್ಟಾನ? ನನ್ನ ಮ್ಯಾಲ ಅಷ್ಟ್ಯಾಕ ಸಿಟ್ಟು ಅವಂಗ?”

ರಾಜಮತಿ ಗೋಡೆಯ ಚಿತ್ರಗಳತ್ತ ತಿರುಗಿ ಹೇಳಿದಳು.

“ಸಿಟ್ಟಲ್ರಿ ದಾದಾ, ಹೊಟ್ಟೆಕಿಚ್ಚು. ನಿಮ್ಮ ಅಕ್ಷರ ಅವರ ಕೈಯಾಗ ಬರಲಿಲ್ಲ. ಬರಿಯೂದು, ಬ್ಲೇಡ್‌ಲೆ ಕೆರಿಯೂದು. ನಿಮ್ಮನ್ನ ಕರೀರಿ ಅಂದ್ರ, ಅವನ ಮುಂದ ತಲಿ ತಗ್ಗಸ್ಲೇನು ಅಂತಿದ್ರು.”

ಅವಳು ಒಂದು ಚಿತ್ರವನ್ನು ಗೋಡೆಯಿಂದ ಬಿಡಿಸಿ ಅವನ ಕೈಗಿತ್ತಳು. ದಾದಾಸಾಹೇಬ ಅದನ್ನು ಬಾಗಿಲ ಬೆಳಕಿಗೆ ಹಿಡಿದ. ಬೋರ್ಡು ಇದ್ದಲ್ಲೆಲ್ಲ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ಅವನಿಗೆ ಸಂತೋಷವಾಯಿತು. ಸಾವಿನ ಮನೆಯಲ್ಲಿ ನಗು ಬಂದೀತೆಂದು ತುಟಿ ಕಚ್ಚಿ ಹಿಡಿದ, ಆದರೆ ಬಂದದ್ದು ಅಳು.

ಎಲ್ಲಕ್ಕಿಂತ ದೊಡ್ಡ ಅಂಗಡಿಯ ಬೋರ್ಡು ಕೆರೆದು ಕೆರೆದು ತೂತೇ ಬಿದ್ದಿತ್ತು. ಅದರೊಳಗಿಂದ ಅಂಗಳ ಕಾಣುತ್ತಿತ್ತು. ಅಲ್ಲಿ ಚಟ್ಟದ ಮೇಲೆ ಭಾವುಸಾಹೇಬನ ಬಲಗೈಯನ್ನು ಎಡಗೈಯ ಮೇಲಿಟ್ಟು ಹಗ್ಗ ಬಿಗಿಯುತ್ತಿದ್ದರು.